ಹೊನಗೊನೆ ಸೊಪ್ಪಿನಿಂದ ವಿನಾಯಿತಿ ಕೋರಿ

ಇಂದ,
ಕುಮಾರಿ ಅರುಣಾ, ತಂದೆ ಗಿಡ್ಡಪ್ಪ, ೨೬ ವರ್ಷ,
ಕಂಪ್ಯೂಟರ್ ಆಪರೇಟರ್, ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ,
ಕೊಟ್ಟಿಗೆಹಾರ.

ಗೆ,
ಶ್ರೀಮತಿ ಅಂಜನಮ್ಮನವರು (ಅರ್ಜಿದಾರಳ ತಾಯಿ),
ಅಡುಗೆಮನೆ ಮತ್ತು ಸಮಗ್ರ ಆಡಳಿತ,
ಸ್ವಗೃಹ.

ಮೂಲಕ: ಶ್ರೀ ಗಿಡ್ಡಪ್ಪ (ಅಪ್ಪ), ಅರ್ಜಿ ತಲುಪಿಸಿ ದೂರ ನಿಲ್ಲುವ ಷರತ್ತಿನ ಮೇಲೆ.

ವಿಷಯ: ಪ್ರತಿದಿನದ ಕಣ್ಣು ಪರೀಕ್ಷೆ ಹಾಗೂ ಹೊನಗೊನೆ ಸೊಪ್ಪಿನಿಂದ ವಿನಾಯಿತಿ ನೀಡಿ, ಕಂಪ್ಯೂಟರ್ ಕೆಲಸದಲ್ಲಿ ಮುಂದುವರಿಯಲು ಅನುಮತಿ ಕೋರಿ.

ಉಲ್ಲೇಖ: ೧. "ಆ ಡಬ್ಬಿ ನೋಡಿ ನೋಡಿ ಕಣ್ಣು ಕುರುಡಾಗ್ತದೆ, ಬರೋ ತಿಂಗಳಿಂದ ಹೋಗೋದು ಬೇಡ" ಎಂದು ಒಲೆಯ ಮುಂದೆ ಹೊರಡಿಸಿದ ತಮ್ಮ ಮೌಖಿಕ ಆದೇಶ.
೨. ಸದರಿ ಆದೇಶದ ಜ್ಞಾಪನಗಳು, ದಿನಕ್ಕೆ ನಾಲ್ಕರಂತೆ.

ಮಾನ್ಯರೇ ಮತ್ತು ಅಮ್ಮಾ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಳೆದ ನಾಲ್ಕು ವರ್ಷಗಳಿಂದ ನಾನು ಊರಿನವರ ಪಿಂಚಣಿ, ಪಹಣಿ, ಪಡಿತರ ಚೀಟಿಗಳಿಗೆ ಅರ್ಜಿ ಟೈಪು ಮಾಡುತ್ತಾ ಬಂದಿದ್ದು, ನನ್ನ ಸ್ವಂತದ್ದು ಎಂದು ಬರೆಯುತ್ತಿರುವ ಮೊದಲ ಅರ್ಜಿ ಇದಾಗಿರುತ್ತದೆ. ಬಾಯಲ್ಲಿ ಹೇಳಲು ಮೂರು ಸಲ ಪ್ರಯತ್ನಿಸಿ, ಮೂರು ಸಲವೂ ತಾವು ಬಾಯಿಗೆ ತುತ್ತಿಟ್ಟ ಕಾರಣ ಬರವಣಿಗೆಯ ಮೂಲಕ ಬರುತ್ತಿದ್ದೇನೆ. ಅರ್ಜಿಯನ್ನು ಮದುವೆ ಕಾಗದದಷ್ಟು ದೊಡ್ಡ ಅಕ್ಷರದಲ್ಲಿ ಮುದ್ರಿಸಲಾಗಿದೆ. ಅದರ ಕಾರಣ ಮುಂದೆ ನಿವೇದಿಸಲಾಗುವುದು.

೧. ಹೊನಗೊನೆ ಸೊಪ್ಪು ಕಣ್ಣಿಗೆ ಒಳ್ಳೆಯದು ಎಂಬುದರಲ್ಲಿ ನನ್ನ ತಕರಾರಿಲ್ಲ. ಆದರೆ ಇಪ್ಪತ್ತಮೂರು ದಿನಗಳಿಂದ ಅದು ಪಲ್ಯವಾಗಿ, ಸಾರಾಗಿ, ತಂಬುಳಿಯಾಗಿ, ಕೊನೆಗೆ ಭಾನುವಾರ ದೋಸೆಯ ಒಳಗೂ ಪ್ರವೇಶಿಸಿರುತ್ತದೆ. ಏನೂ ತಪ್ಪು ಮಾಡದ ಅಪ್ಪನೂ ಅದನ್ನೇ ತಿನ್ನುತ್ತಿದ್ದಾರೆ.

೨. ಕಣ್ಣು ತಂಪಾಗಲೆಂದು ತಾವು ತಲೆಗೆ ಸುರಿದ ಹರಳೆಣ್ಣೆಯೊಂದಿಗೆ ಕೆಲಸಕ್ಕೆ ಹೋದ ದಿನ ಗ್ರಾಹಕರೊಬ್ಬರ ಜಾತಿ ಪ್ರಮಾಣಪತ್ರದ ಮೇಲೆ ಒಂದು ಹನಿ ಬಿದ್ದು, ಸದರಿ ಪ್ರಮಾಣಪತ್ರದ ಮೂಲಕ ಆಚೆ ಬದಿಯ ಬಸ್ ನಿಲ್ದಾಣ ಕಾಣುವಂತಾಯಿತು.

೩. ಇನ್ನು ತಮ್ಮ ಪರೀಕ್ಷೆಗಳ ವಿಚಾರ. "ಏ ಅರುಣಾ, ಈ ಸೂಜಿಗೆ ದಾರ ಪೋಣ್ಸು, ಕಣ್ಣು ಎಷ್ಟು ಉಳಿದಿದೆ ನೋಡುವ" ಎಂದು ತಾವು ಕರೆಯುತ್ತಿದ್ದಿರಿ. ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತು ಅಂತ ಓದಿಸಿದಿರಿ. ಮಾತ್ರೆಯ ಪಟ್ಟಿಯ ಹಿಂದಿನ ತಾರೀಕು ಓದಿಸಿದಿರಿ. ಗುಡ್ಡದ ದಾರಿಯಲ್ಲಿ ಬರುತ್ತಿರುವವರು ಯಾರು ಅಂತ ಕೇಳಿದಿರಿ. ಎಸ್ಟೇಟಿನಲ್ಲಿ ಕಾಫಿ ಬೀಜ ಆರಿಸುವ ಕೆಲಸದಿಂದ ಬರುವಾಗ ಸೆರಗಿನ ತುದಿಯಲ್ಲಿ ಒಂದು ಹಿಡಿ ಬೀಜ ಕಟ್ಟಿಕೊಂಡು ಬಂದು, "ಇದ್ರಲ್ಲಿ ಕಪ್ಪು ಬೀಜ ಎಷ್ಟಿದೆ ಹೆಕ್ಕು" ಎಂದಿರಿ. ನಾನು ಹನ್ನೊಂದು ಹೆಕ್ಕಿದೆ. ತಾವು ಅವನ್ನು ಮತ್ತೊಮ್ಮೆ ಎಣಿಸಲು ಹೇಳಿ "ಪಾಸು" ಎಂದಿರಿ. ಒಂದರಲ್ಲೂ ಫೇಲಾಗಲಿಲ್ಲವೆಂದು ನಾನು ಬೀಗುತ್ತಿದ್ದೆ. ದಡ್ಡಿ ನಾನು.

೪. ಕಳೆದ ಸೋಮವಾರ ನನ್ನ ಕಣ್ಣು ತೋರಿಸಲೆಂದು ತಾವೇ ರಜೆ ಹಾಕಿ ನನ್ನನ್ನು ಮೂಡಿಗೆರೆಗೆ ಕರೆದುಕೊಂಡು ಹೋದಿರಿ. ಕಣ್ಣಿನ ಡಾಕ್ಟರ ಬಾಗಿಲಲ್ಲಿ ನಿಂತು "ಬೋರ್ಡಲ್ಲಿ ಎಂತ ಬರ್ದಿದೆ, ಓದು" ಎಂದಿರಿ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಕಾರಣ ನಾನು "ಇಲ್ಲಿ ಕಂಪ್ಯೂಟರ್ ಮೂಲಕ ಕಣ್ಣು ಪರೀಕ್ಷಿಸಲಾಗುವುದು" ಎಂದು ಇದ್ದದ್ದನ್ನು ಓದಿದೆ.

"ಹಾಳು ಮಾಡೋದೂ ಅದೇ, ಪರೀಕ್ಷೆ ಮಾಡೋದೂ ಅದೇಯಾ!" ಎಂದು ತಾವು ಮೆಟ್ಟಿಲಲ್ಲೇ ಕೂತುಬಿಟ್ಟಿರಿ. ಆದ್ದರಿಂದ ನಾನೊಬ್ಬಳೇ ಒಳಗೆ ಹೋಗಬೇಕಾಯಿತು.

೫. ಡಾಕ್ಟರ್ ದೀಪಶ್ರೀಯವರು ಪರೀಕ್ಷಿಸಿ, ನನ್ನ ದೃಷ್ಟಿ ಪೂರ್ತಿ ಸರಿ ಇದೆಯೆಂದೂ, ಕಂಪ್ಯೂಟರ್ ನೋಡಿ ಕಣ್ಣು ದಣಿಯುತ್ತದೆ, ಒಣಗುತ್ತದೆ, ಆದರೆ ಕುರುಡಾಗುವುದಿಲ್ಲವೆಂದೂ ತಿಳಿಸಿದರು. ಪರದೆ ನೋಡುವಾಗ ನಾವು ಎವೆ ಬಡಿಯುವುದನ್ನೇ ಮರೆಯುತ್ತೇವಂತೆ. ಆದಕಾರಣ ಆಗಾಗ ಎವೆ ಬಡಿಯಬೇಕು, ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ಆಚೆ ಕಣ್ಣು ಹಾಯಿಸಬೇಕು. ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದೇನೆ. ನಮ್ಮ ಅಂಗಡಿಯಿಂದ ಇಪ್ಪತ್ತು ಅಡಿಗೆ ಸರಿಯಾಗಿ ನೀರ್‌ದೋಸೆ ಹೋಟೆಲ್ ಇರುವುದರಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ಹಸಿವಾಗುತ್ತಿದೆ. ಎವೆ ಬಡಿದದ್ದನ್ನು ಜೀಪು ಓಡಿಸುವ ಪ್ರಸಾದ್ ಎಂಬುವವರು ಬೇರೆ ಅರ್ಥದಲ್ಲಿ ಗ್ರಹಿಸಿ, ಒಂದೇ ಆಧಾರ್ ಕಾರ್ಡನ್ನು ಮೂರು ದಿನ ಜೆರಾಕ್ಸ್ ಮಾಡಿಸಿರುತ್ತಾರೆ. ಇದು ವೈದ್ಯರ ಸಲಹೆಯೇ ಹೊರತು ಬೇರೇನೂ ಅಲ್ಲವೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

ಹೊರಡುವಾಗ ಡಾಕ್ಟರು, "ಹೊರಗೆ ಕೂತವ್ರು ನಿಮ್ಮ ತಾಯಿಯಾ? ಅವ್ರನ್ನೂ ಕರೀರಿ, ನಲವತ್ತು ದಾಟಿದ ಮೇಲೆ ಒಂದ್ಸಲ ನೋಡ್ಬೇಕು" ಎಂದರು. "ನಮ್ಮಮ್ಮಂಗೆ ಎಂತದೂ ಬೇಡ ಮೇಡಂ, ಅವ್ಳದ್ದು ಹದ್ದಿನ ಕಣ್ಣು, ಎಸ್ಟೇಟಲ್ಲೇ ಫೇಮಸ್ಸು" ಎಂದು ಎದೆಯುಬ್ಬಿಸಿ ಹೇಳಿ ಬಂದೆ.

೬. ಕಂಪ್ಯೂಟರ್ ಕೊಟ್ಟ ಫಲಿತಾಂಶವನ್ನು ತಾವು ಒಪ್ಪಲಿಲ್ಲ. ಬಸ್ ನಿಲ್ದಾಣದಲ್ಲಿ ಮರುಪರೀಕ್ಷೆ ನಡೆಸಿ, "ಆ ಬಸ್ಸಿನ ಬೋರ್ಡ್ ಓದು" ಎಂದಿರಿ. ಬೋರ್ಡಿನಲ್ಲಿ "ಆಲ್ದೂರು" ಎಂದಿತ್ತು. ಸಿಟ್ಟು ಬಂದಿದ್ದರಿಂದಲೂ, ತಮ್ಮನ್ನು ಸ್ವಲ್ಪ ಕೆಣಕೋಣ ಅನ್ನಿಸಿದ್ದರಿಂದಲೂ ನಾನು ನಮ್ಮೂರಿನ ಹೆಸರು ಹಿಡಿದು "ಕೊಟ್ಟಿಗೆಹಾರ" ಎಂದು ಓದಿದೆ. ಬೈಗುಳ ಕೇಳಲು ಸಿದ್ಧಳಾಗಿ ನಿಂತೆ.

ತಾವು "ಹ್ಞೂಂ, ಪಾಸು" ಎಂದಿರಿ. ಮತ್ತು ಬಸ್ಸು ಹತ್ತಿದಿರಿ. ಹತ್ತಿ, ಕಿಟಕಿ ಪಕ್ಕ ನನಗೆ ಸೀಟು ಹಿಡಿದು, "ಬಾ ಬೇಗ, ಹೊರಡ್ತದೆ" ಎಂದು ಕರೆದಿರಿ.

ಕಂಡಕ್ಟರ್ ಸೀಟಿ ಊದಿದ. ನಾನು ಓಡಿ ಹತ್ತಿ, "ಅಮ್ಮಾ ಇಳಿ, ಇದು ಆಲ್ದೂರಿಗೆ ಹೋಗೋದು" ಎಂದು ಕೈ ಹಿಡಿದೆಳೆದೆ. ಕೆಳಗಿಳಿದ ಮೇಲೂ ತಾವು ಬೋರ್ಡಿನ ಕಡೆ ನೋಡಲಿಲ್ಲ. ನನ್ನ ಮುಖ ನೋಡಿ, "ನಂಗೆ ಗೊತ್ತಿತ್ತು ಮಾರಾಯ್ತಿ, ನೀನು ಹೇಳ್ತೀಯೋ ಇಲ್ವೋ ಅಂತ ನೋಡ್ದೆ" ಎಂದಿರಿ. ಆಮೇಲೆ ನಮ್ಮೂರಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಕಿಟಕಿ ಕಡೆ ಮುಖ ಮಾಡಿಕೊಂಡು ನಾನು ಅತ್ತೆನೆಂಬುದನ್ನು ದಾಖಲೆಗಾಗಿ ತಿಳಿಸಲಾಗಿದೆ. ಕಂಪ್ಯೂಟರಿನಿಂದ ಕಣ್ಣು ಒಣಗಿದೆ ಎಂಬ ವರದಿ ಆ ಮಟ್ಟಿಗೆ ತಪ್ಪು.

೭. ಮರುದಿನ ಸೂಜಿ ಹಿಡಿದು ಕರೆದಾಗ ತಾವು "ಪರೀಕ್ಷೆ" ಎಂಬ ಪದ ಬಳಸಲಿಲ್ಲ. "ಪೋಣ್ಸಿಕೊಡು" ಎಂದಷ್ಟೇ ಹೇಳಿದಿರಿ.

೮. ಆ ಹಿಡಿ ಬೀಜ ತಾವು ಅಂದು ಆರಿಸಿ ಮುಗಿಸಿದ್ದ ರಾಶಿಯದ್ದು ಎಂದು ಈಗ ನನಗೆ ತಿಳಿದಿದೆ. ಆರಿಸಿ ತೆಗೆಯಬೇಕಾದ ಕಪ್ಪು ಬೀಜ ಒಂದು ಹಿಡಿಯಲ್ಲೇ ಹನ್ನೊಂದು ಉಳಿದಿದ್ದರೆ ಮೂಟೆಯಲ್ಲಿ ಎಷ್ಟು ಎಂದು ತಾವು ಲೆಕ್ಕ ಹಾಕಿ ಹೆದರಿದ್ದೀರಿ ಎಂಬುದೂ ತಿಳಿದಿದೆ. ಕನ್ನಡಕ ಬಂದರೆ ಬೀಜ ಆರಿಸುವ ಸಾಲಿನಿಂದ ಎಬ್ಬಿಸಿ ಕಳೆ ಕೀಳಲು ಕಳಿಸುತ್ತಾರೆ ಎಂಬ ಭಯವಿದ್ದಲ್ಲಿ, ಅದಕ್ಕೆ ಆಧಾರವಿಲ್ಲ. ತಮ್ಮ ಮೇಸ್ತ್ರಿಯವರೇ ಒಂದು ಕನ್ನಡಕ ಮೂಗಿನ ಮೇಲೆ, ಇನ್ನೊಂದು ತಲೆಯ ಮೇಲೆ ಇಟ್ಟುಕೊಂಡು ಮೂರನೆಯದನ್ನು ಹುಡುಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆಸರಿನಲ್ಲೇ ಅಂಜನ ಇಟ್ಟುಕೊಂಡವರು ಕಣ್ಣಿನ ವಿಚಾರಕ್ಕೆ ನಾಚಬಾರದು. ನೀನು ಹೆದರಿದ್ದನ್ನು ನನ್ನ ಹತ್ತಿರವೂ ಹೇಳಲಿಲ್ಲವಲ್ಲ, ಅದೊಂದೇ ನನಗೆ ಬೇಜಾರು. (ಇಲ್ಲಿ "ತಾವು" ಎಂಬುದರ ಬದಲು "ನೀನು" ಬಂದಿರುವುದು ಟೈಪಿಂಗ್ ದೋಷವಲ್ಲ.)

೯. ಡಾಕ್ಟರ್ ದೀಪಶ್ರೀಯವರಿಗೆ ಫೋನು ಮಾಡಿ ವಿಷಯ ತಿಳಿಸಲಾಗಿದ್ದು, ತಮ್ಮನ್ನು ಗೋಡೆಯ ಮೇಲಿನ ಕನ್ನಡ ಅಕ್ಷರ ಓದಿಸಿಯೇ ಪರೀಕ್ಷಿಸುವುದಾಗಿ ಒಪ್ಪಿರುತ್ತಾರೆ. ಆ ಹೊತ್ತಿನಲ್ಲಿ ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸುವರು. ಟವೆಲ್ ನಮ್ಮ ಮನೆಯಿಂದ ಒಯ್ಯತಕ್ಕದ್ದು.

ಆದ್ದರಿಂದ ತಾವು ದಯಮಾಡಿ ಮೇಲ್ಕಂಡ ಕಾರಣಗಳನ್ನು ಪರಿಶೀಲಿಸಿ, ಇಪ್ಪತ್ತಮೂರು ದಿನ ಪರೀಕ್ಷೆ ನಡೆಸಿದವರು ಒಂದು ದಿನ ಪರೀಕ್ಷೆಗೆ ಕೂರಬೇಕಾಗಿಯೂ, ನನ್ನ ಕೆಲಸ ಬಿಡಿಸುವ ಆದೇಶವನ್ನು ಹಿಂಪಡೆಯಬೇಕಾಗಿಯೂ ಕೋರುತ್ತೇನೆ. ಕನ್ನಡಕ ಬಂದ ದಿನ ಹೊನಗೊನೆ ಸೊಪ್ಪನ್ನು ಸ್ವಇಚ್ಛೆಯಿಂದ ಎರಡು ಸಲ ಬಡಿಸಿಕೊಳ್ಳುವೆನೆಂದು ಈ ಮೂಲಕ ಮುಚ್ಚಳಿಕೆ ಬರೆದುಕೊಡುತ್ತೇನೆ.

ತಮ್ಮ ವಿಶ್ವಾಸಿ ಹಾಗೂ ಒಬ್ಬಳೇ ಮಗಳು,
(ಸಹಿ) ಅರುಣಾ

ಲಗತ್ತುಗಳು:
೧. ಅರ್ಜಿದಾರಳ ಕಣ್ಣು ಸರಿ ಇದೆಯೆಂಬ ಡಾಕ್ಟರ ಚೀಟಿ.
೨. ದಾರ ಪೋಣಿಸಿದ ಸೂಜಿಗಳು, ಏಳು. ಕನ್ನಡಕ ಬರುವವರೆಗಿನ ಬಳಕೆಗೆ.
೩. ಕಪ್ಪು ಬೀಜ, ಹನ್ನೊಂದು, ಪೊಟ್ಟಣದಲ್ಲಿ. ಯಾರಿಗೂ ತೋರಿಸಿಲ್ಲ.

ವಿ.ಸೂ.: ಈ ಒಂದು ಭಾಗವನ್ನು ಮಾತ್ರ ಮಾತ್ರೆ ಪಟ್ಟಿಯ ಹಿಂದಿನಷ್ಟು ಚಿಕ್ಕ ಅಕ್ಷರದಲ್ಲಿ ಮುದ್ರಿಸಲಾಗಿದೆ. ಇದನ್ನು ತಾವೇ ಓದಿದಲ್ಲಿ ಅರ್ಜಿಯನ್ನು ತಿರಸ್ಕರಿಸಬಹುದು. ಓದಲು ಅಪ್ಪನನ್ನು ಕರೆದಲ್ಲಿ, ಗುರುವಾರ ಬೆಳಿಗ್ಗೆ ಎಂಟೂಕಾಲರ ಬಸ್ಸಿಗೆ ಸಿದ್ಧರಿರತಕ್ಕದ್ದು. ಹೋಗುವಾಗ ಬಸ್ಸಿನ ಬೋರ್ಡು ನಾನು ಓದುತ್ತೇನೆ, ಇದ್ದದ್ದು ಇದ್ದ ಹಾಗೆ. ಬರುವಾಗ ತಾವು ಓದತಕ್ಕದ್ದು.