ಕೊಲೆಗಾರನ ಚಪ್ಪಲಿ ಎರವಲು ತಂದದ್ದು

ಶಬ್ದದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ದೃಢವಾದ ನಂಬಿಕೆ ಮೊನ್ನೆ ಮೊನ್ನೆಯವರೆಗೂ ನನಗಿತ್ತು. ನ್ಯಾಮತಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. 'ಶಬ್ದ' ಎಂಬ ಪಾಠವನ್ನು ಇಪ್ಪತ್ತೆರಡು ವರ್ಷ ಸತತವಾಗಿ ಮಾಡಿದ್ದೇನೆ. ಆದ್ದರಿಂದ ನನ್ನ ಹೆಂಡತಿ ಮಂಗಳ, "ರೀ, ನನ್ನ ರೇಡಿಯೋ ನಾಟಕಕ್ಕೆ ಸಪ್ಪಳ ಮಾಡಾಕೆ ಒಬ್ರು ಬೇಕಾಗೈತೆ" ಎಂದಾಗ, ಓದುತ್ತಿದ್ದ ಪೇಪರ್ ಮಡಚಿಟ್ಟು, "ಸಪ್ಪಳ ಅನ್ನಬಾರದು. ಧ್ವನಿ ಪರಿಣಾಮ ಅನ್ನಬೇಕು" ಎಂದು ತಿದ್ದಿದೆ.

"ಮಾಡ್ತೀರೋ ಇಲ್ವೋ?"

ಮಾಡುತ್ತೇನೆ ಎಂದೆ. ಗ್ರಹಚಾರ ಎಲ್ಲಿಂದ ಶುರುವಾಯಿತು ಎಂದು ಯಾರಾದರೂ ಕೇಳಿದರೆ ಆ ಮಾತನ್ನೇ ತೋರಿಸುತ್ತೇನೆ.

ಮಂಗಳ ಅಂಗನವಾಡಿ ಟೀಚರ್. ಅಲ್ಲಿನ ಮಕ್ಕಳು ಮಲಗಿದ ಮೇಲೆ ಸಿಗುವ ಅರ್ಧ ಗಂಟೆಯಲ್ಲಿ ನಾಟಕ ಬರೆಯುತ್ತಾಳೆ. ಒಂಬತ್ತು ವರ್ಷದಿಂದ ಬರೆದ ನೋಟ್‌ಬುಕ್ಕುಗಳು ನಮ್ಮ ಮನೆಯ ಅಟ್ಟದ ಮೇಲಿವೆ. ಅವುಗಳನ್ನು ಓದಿದವರು ಇಬ್ಬರೇ. ಒಬ್ಬಳು ಅವಳು. ಇನ್ನೊಬ್ಬ ನಾನು, ಅದೂ ಅರ್ಧಂಬರ್ಧ. ಹೀಗಿರುವಾಗ ಹೊನ್ನಾಳಿಯಲ್ಲಿ ಮಹಡಿಯ ಮೇಲೆ ಎರಡು ಕೋಣೆಯಲ್ಲಿ ನಡೆಯುವ ಸಮುದಾಯ ರೇಡಿಯೋದ ವೀರೇಶ, ಅವಳ ಒಂದು ಕೊಲೆ ನಾಟಕವನ್ನು ಒಪ್ಪಿಕೊಂಡ. ಹಳೇ ಕಾಲದ ರೇಡಿಯೋದ ಹಾಗೆ ನೇರಪ್ರಸಾರ! ರೆಕಾರ್ಡಿಂಗ್ ಇಲ್ಲ, ಕತ್ತರಿ ಇಲ್ಲ. ತಪ್ಪಾದರೆ ತಪ್ಪೇ.

"ನೋಡ್ರಿ ಅಕ್ಕಾರೆ, ಒಂದು ಶನಿವಾರ ಕೊಡ್ತೀನಿ" ಎಂದಿದ್ದ ವೀರೇಶ. "ಜನ ಮೆಚ್ಚಿದ್ರೆ ಪ್ರತಿ ಶನಿವಾರ ನಿಮ್ದೇ ನಾಟಕ. ಕೆಟ್ಟುಹೋತು ಅಂದ್ರೆ ಆ ಟೈಮು ಜಾತಕ ಹೇಳೋರಿಗೆ ಹೋಗ್ತೈತೆ. ಅವ್ರು ಆಗ್ಲೇ ಮೆಟ್ಟಿಲ ಮೇಲೆ ಕುಂತಾರೆ."

ಆ ದಿನ ಬಸ್ಸಿನಲ್ಲಿ ವಾಪಸು ಬರುವಾಗ ಮಂಗಳ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಾ ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಎಷ್ಟೋ ವರ್ಷವಾಗಿತ್ತು. ನನಗೆ ಖುಷಿಯೂ ಆಯಿತು, ಸ್ವಲ್ಪ ನಾಚಿಕೆಯೂ ಆಯಿತು.

ನಾಟಕದ ಹೆಸರು 'ಕೆರೆ ಏರಿ ಮೇಲೆ ಕೊಲೆ'. ಸೂಳೆಕೆರೆಯ ಏರಿಯ ಮೇಲೆ ವಾಯುವಿಹಾರಕ್ಕೆ ಹೋದ ಗೌಡರನ್ನು ಯಾರೋ ನೀರಿಗೆ ತಳ್ಳುತ್ತಾರೆ. ತಳ್ಳಿದವರು ಯಾರು? ಗೌಡರ ತಮ್ಮನೋ, ಅಡುಗೆಯ ನಿಂಗಪ್ಪನೋ, ಗೌಡರ ಹೆಂಡತಿಯೋ? ನಾಟಕದ ನಡುವೆ ಕೇಳುಗರು ಫೋನ್ ಮಾಡಿ ಕೊಲೆಗಾರನ ಹೆಸರು ಹೇಳಬೇಕು. ಸರಿ ಹೇಳಿದವರಿಗೆ ಒಂದು ಸ್ಟೀಲ್ ಕೊಡ ಬಹುಮಾನ.

ನಮ್ಮ ಕಡೆ ಗುಟ್ಟು ಎಂಬುದು ಬೆಳಗಿನ ಹಾಲಿಗಿಂತ ಮೊದಲು ಮನೆ ಮನೆ ತಲುಪುತ್ತದೆ. ಇದು ಮಂಗಳಳಿಗೆ ಗೊತ್ತು. ಅದಕ್ಕೇ ಕೊನೆಯ ದೃಶ್ಯವನ್ನು ನಟರಿಗೂ ತೋರಿಸಿರಲಿಲ್ಲ. ಅದನ್ನು ಕವರಿನಲ್ಲಿಟ್ಟು ಅಂಟು ಹಚ್ಚಿ ನನ್ನ ಕೈಗೆ ಕೊಟ್ಟು, "ಶನಿವಾರ ನಾನು ಸನ್ನೆ ಮಾಡಿದಾಗ ಒಡೀರಿ. ನಿಮ್ಮನ್ನ ಬಿಟ್ರೆ ಯಾರನ್ನ ನಂಬಲಿ?" ಎಂದಳು.

ಎರಡು ದಿನ ನಂಬಿಕೆ ಉಳಿಸಿಕೊಂಡೆ. ಮೂರನೆಯ ದಿನ ಒಂದು ವೈಜ್ಞಾನಿಕ ಸಮಸ್ಯೆ ಎದುರಾಯಿತು. ಮೊದಲ ದೃಶ್ಯದಲ್ಲಿ ಕೊಲೆಗಾರ ಏರಿಯ ಮೇಲೆ ನಡೆದು ಬರುವ ಸಪ್ಪಳ ಇದೆ. ಗೌಡರ ತಮ್ಮನಾದರೆ ಬೂಟು. ಹೆಂಗಸಾದರೆ ಕಾಲ್ಗೆಜ್ಜೆ. ಅಡುಗೆಯವನಾದರೆ? ಕೊಲೆಗಾರ ಯಾರೆಂದು ತಿಳಿಯದೆ ಅವನ ಕಾಲಿಗೆ ಏನು ಹಾಕಲಿ? ಇದು ಕುತೂಹಲವಲ್ಲ, ಕರ್ತವ್ಯ! ಚಹಾದ ಪಾತ್ರೆಯಿಂದ ಏಳುವ ಆವಿಗೆ ಕವರು ಹಿಡಿದೆ. ಅಂಟು ಬಿಟ್ಟಿತು. ಓದಿದೆ. ಅಡುಗೆ ನಿಂಗಪ್ಪ! ಮತ್ತೆ ಅಂಟಿಸಿ ಮೇಲೆ ನಿಘಂಟು ಹೇರಿಟ್ಟೆ. ಯಾರಿಗೂ ಗೊತ್ತಾಗುವಂತಿರಲಿಲ್ಲ.

ಸಾಯಂಕಾಲ ನೇರವಾಗಿ ಬಸ್ ಸ್ಟ್ಯಾಂಡ್ ಹತ್ತಿರದ ಬಸಣ್ಣನ ಹೋಟೆಲಿಗೆ ಹೋದೆ. ಅಲ್ಲಿ ಅಡುಗೆ ಮಾಡುವ ರಾಚಪ್ಪ ಟೈರಿನ ಚಪ್ಪಲಿ ಮೆಟ್ಟುತ್ತಾನೆ. ಅವನು ನಡೆದರೆ ಮುಂದಿನ ಬೀದಿಗೆ ಕೇಳುತ್ತದೆ.

"ರಾಚಪ್ಪನ ಚಪ್ಪಲಿ ಶನಿವಾರದವರೆಗೂ ಎರವಲು ಬೇಕಿತ್ತು ಬಸಣ್ಣ."

"ಅವನ ಚಪ್ಲಿ ನಿಮಗ್ಯಾಕ್ರೀ ಮೇಷ್ಟ್ರೇ? ಕಾಲು ಹುಷಾರೈತಾ?"

ಮೇಷ್ಟ್ರಾಗಿ ಸುಳ್ಳು ಹೇಳಬಾರದು. ಅಕ್ಕಪಕ್ಕ ನೋಡಿ, ಅವನ ಕಿವಿಯಲ್ಲಿ ನಿಜ ಹೇಳಿದೆ. "ಯಾರಿಗೂ ಹೇಳಂಗಿಲ್ಲ ಮತ್ತೆ" ಎಂದೆ.

"ಈ ದೋಸೆ ಕಾವಲಿ ಆಣೆಗೂ ಹೇಳಲ್ಲ" ಎಂದ ಬಸಣ್ಣ.

ಆಮೇಲೆ ತಿಳಿದಂತೆ ಅವನು ಮಾತು ತಪ್ಪಿರಲಿಲ್ಲ. ಹೇಳಿದವರಿಗೆಲ್ಲ "ಯಾರಿಗೂ ಹೇಳಬ್ಯಾಡ್ರಿ" ಎಂದು ಸೇರಿಸಿಯೇ ಹೇಳಿದ್ದ.

ಶನಿವಾರ ಸಂಜೆ ಆರಕ್ಕೆ ಐದು ನಿಮಿಷ. ಸ್ಟುಡಿಯೋದಲ್ಲಿ ಫ್ಯಾನ್ ಬಂದ್, ಕಿಟಕಿ ಬಂದ್. ಒಂದೇ ಮೈಕು. ಅದರ ಮುಂದೆ ಗೌಡ್ತಿಯ ಪಾತ್ರದ ಮಂಗಳ, ಇನ್ಸ್‌ಪೆಕ್ಟರ್ ಪಾತ್ರದ ಚನ್ನಗಿರಿಯ ಬಸ್ ಕಂಡಕ್ಟರ್ ಹಾಲಪ್ಪ, ಮತ್ತೆ ಜಗಳೂರಿನಿಂದ ಬಂದಿದ್ದ ನನ್ನ ಹೆಂಡತಿಯ ತಮ್ಮ ತಿಪ್ಪೇಶ. ಗೌಡರ ತಮ್ಮನೂ ಅವನೇ, ಅಡುಗೆ ನಿಂಗಪ್ಪನೂ ಅವನೇ. ತಮ್ಮನಿಗೆ ದಪ್ಪ ದನಿ, ನಿಂಗಪ್ಪನಿಗೆ ಮೂಗಿನ ದನಿ. ಮೂಲೆಯಲ್ಲಿ ನಾನು ಮತ್ತು ನನ್ನ ಪ್ರಯೋಗಶಾಲೆ. ಗುಡುಗಿಗೆ ತಗಡು. ಗೌಡರು ಬೀಳುವ ಕೆರೆಗೆ ಒಂದು ಬಕೆಟ್ ನೀರು ಮತ್ತು ಗುಂಡುಕಲ್ಲು. ಒಣಗಿದ ಎಲೆಯ ಮೇಲಿನ ಹೆಜ್ಜೆಗೆ ಒಂದು ಮೊರ ಗರಿಗರಿ ಮಂಡಕ್ಕಿ. ಅದರ ಮೇಲೆ ರಾಚಪ್ಪನ ಚಪ್ಪಲಿ ಒತ್ತಿದರೆ ಸಾಕ್ಷಾತ್ ಕೊಲೆಗಾರನೇ ನಡೆದುಬಂದಂತೆ ಕೇಳುತ್ತಿತ್ತು.

ಕೆಂಪು ದೀಪ ಹತ್ತಿತು. ನನ್ನ ಎದೆ ಮೈಕಿಗೆ ಕೇಳಿಸುವಷ್ಟು ಜೋರಾಗಿ ಬಡಿದುಕೊಂಡಿತು.

ಕರ್, ಕರ್, ಕರ್ ಎಂದು ಕೊಲೆಗಾರ ಬಂದ. "ಯಾರದು?" ಎಂದರು ಗೌಡರು, ಅಂದರೆ ತಿಪ್ಪೇಶ, ಮೂರನೆಯ ದನಿಯಲ್ಲಿ. ನಾನು ಗುಂಡುಕಲ್ಲು ಎತ್ತಿ ಹಾಕಿದೆ. ಗೌಡರು ನಿರೀಕ್ಷೆಗಿಂತ ಭಾರವಾಗಿದ್ದರು! ಅರ್ಧ ಬಕೆಟ್ ನೀರು ಹಾರಿ ಹಾಲಪ್ಪನ ಮೈಮೇಲೆ ಬಿತ್ತು. ಕೊಲೆಯ ತನಿಖೆಗೆ ಬಂದ ಇನ್ಸ್‌ಪೆಕ್ಟರ್ ಗೌಡರಿಗಿಂತ ಹೆಚ್ಚು ನೆನೆದಿದ್ದ. ಆದರೂ ಗಟ್ಟಿಗ, ಬಸ್ಸಿನಲ್ಲಿ ಕೂಗುವ ದನಿಯಲ್ಲೇ, "ಯಾರೂ ಕೆಳಗೆ ಇಳಿಯಂಗಿಲ್ಲ!" ಎಂದ. ಹಾಳೆಯಲ್ಲಿ 'ಹೊರಗೆ ಹೋಗುವಂತಿಲ್ಲ' ಎಂದಿತ್ತು.

ನಾಟಕ ಹಿಡಿದುಕೊಂಡಿತು. ಗಾಜಿನ ಆಚೆ ವೀರೇಶ ಹೆಬ್ಬೆರಳು ಎತ್ತಿ ತೋರಿಸಿದ. ಮಂಗಳಳ ದನಿ ನಡುಗಬೇಕಾದಲ್ಲಿ ನಡುಗಿತು, ಏರಬೇಕಾದಲ್ಲಿ ಏರಿತು. ಇವಳು ನನ್ನ ಹೆಂಡತಿ ಎಂದು ಹೆಮ್ಮೆಯಿಂದ ಮೊರದ ಕಡೆ ತಿರುಗಿದೆ.

ಮೊರ ಖಾಲಿ!

ಹಾಲಪ್ಪ ಹೆದರಿಕೆಯಾದರೆ ಏನಾದರೂ ತಿನ್ನುವ ಮನುಷ್ಯ. ತನ್ನ ಮಾತಿಲ್ಲದ ಹೊತ್ತಿನಲ್ಲೆಲ್ಲ ಮುಕ್ಕುತ್ತಾ, ಕೊಲೆಗಾರನ ಹೆಜ್ಜೆಗಳನ್ನೆಲ್ಲ ಇನ್ಸ್‌ಪೆಕ್ಟರೇ ತಿಂದುಬಿಟ್ಟಿದ್ದ. ಮುಂದಿನ ಸಾಲಿಗೆ ಕೊಲೆಗಾರ ಮತ್ತೆ ನಡೆಯಬೇಕು. ಹಾಲಪ್ಪನ ಬಾಯಲ್ಲಿ ಕಡೆಯ ಮುಷ್ಟಿ ಇತ್ತು. ಅವನ ಕತ್ತು ಹಿಡಿದು ಮೈಕಿನ ಹತ್ತಿರ ತಂದು, ಕಿವಿಯಲ್ಲಿ "ನುಂಗಬ್ಯಾಡ್ರಿ, ಅಗೀರಿ!" ಎಂದೆ. ಕಣ್ಣರಳಿಸಿ ಅಗಿದ. ಕರ್, ಕರ್, ಕರ್. ಕೊಲೆಗಾರ ಹಾಲಪ್ಪನ ಬಾಯಲ್ಲಿ ಆರು ಹೆಜ್ಜೆ ನಡೆದು ಗಂಟಲಿಗಿಳಿದ.

ಬದುಕಿದೆವು ಎಂದುಕೊಳ್ಳುವಷ್ಟರಲ್ಲಿ ವೀರೇಶ, "ಈಗ ನಿಮ್ಮ ಸರದಿ! ಕೊಲೆಗಾರ ಯಾರು? ಫೋನ್ ಮಾಡಿ" ಎಂದು ಘೋಷಿಸಿದ. ಫೋನ್ ಗಂಟೆ ಹೊಡೆಯಿತು.

"ಹಲೋ, ಹೊನ್ನಾಳಿಯಿಂದ. ಅಡುಗೆ ನಿಂಗಪ್ಪ."

ಒಬ್ಬರಾದರೂ ಸರಿ ಹೇಳಲೇಬೇಕಲ್ಲ, ಮಂಗಳ ನಕ್ಕಳು.

"ನಾವು ನ್ಯಾಮತಿಯಿಂದ ಮಾತಾಡಾದು. ಅಡುಗೆ ನಿಂಗಪ್ಪನೇ ಕಣ್ರೀ. ಟೈರಿನ ಚಪ್ಲಿ ಹಾಕ್ಕೊಂಡು ಬಂದಿದ್ನಲ್ಲ!"

ಮಂಗಳಳ ನಗೆ ನಿಂತಿತು. ನಾಟಕದಲ್ಲಿ ಟೈರು ಎಂಬ ಮಾತೇ ಇರಲಿಲ್ಲ. ಮೂರನೆಯ ಫೋನು ಬಂತು.

"ನಾನು ಚನ್ನಗಿರಿ ಬಸ್ಸಿನಾಗೆ ಇದೀನ್ರಿ, ಮೊಬೈಲ್‌ನಾಗೆ ಕೇಳ್ತಾ ಇದೀವಿ. ನಿಂಗಪ್ಪ ಅಂತ ಬಸ್ಸಿಗೆ ಬಸ್ಸೇ ಹೇಳ್ತೈತೆ. ಅಲ್ರೀ, ಆ ಬಸಣ್ಣನ ಹೋಟ್ಲು ರಾಚಪ್ಪ ಮೂರು ದಿನದಿಂದ ಬರಿಗಾಲಾಗೆ ಅಡ್ಡಾಡ್ತಾ ಅದಾನೆ. ಮೇಷ್ಟ್ರಿಗೆ ಅವನ ಚಪ್ಲಿ ವಾಪಸ್ ಕೊಡಾಕೆ ಹೇಳ್ರಿ!"

ಮಂಗಳ ಮೆಲ್ಲನೆ ತಿರುಗಿದಳು. ನನ್ನ ಎರಡೂ ಕೈಯಲ್ಲಿ ಒಂದೊಂದು ಚಪ್ಪಲಿ ಇತ್ತು.

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ, ನೇರಪ್ರಸಾರ. ಅವಳ ಕಣ್ಣು ತುಂಬಿತು. ಒಂಬತ್ತು ವರ್ಷದ ನೋಟ್‌ಬುಕ್ಕುಗಳು, ಒಂದೇ ಒಂದು ಶನಿವಾರ, ಅದನ್ನು ನಾನು ಒಂದು ಜೊತೆ ಟೈರಿನ ಚಪ್ಪಲಿಗೆ ಮಾರಿಬಿಟ್ಟಿದ್ದೆ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಗಾಜಿನ ಆಚೆ ವೀರೇಶ ತಲೆಯ ಮೇಲೆ ಕೈ ಹೊತ್ತು, ಬಾಯಿ ಮಾತ್ರ ಆಡಿಸುತ್ತಾ, "ಒಂದೇ ಕೊಡ ಐತ್ರೀ!" ಎನ್ನುತ್ತಿದ್ದ. ಅವನ ಹಿಂದೆ ಜಾತಕದವರು ಎದ್ದು ಶಲ್ಯ ಸರಿಮಾಡಿಕೊಳ್ಳುತ್ತಿದ್ದರು.

ಆಗ ಕೊನೆಯ ಫೋನ್ ಬಂತು. ಜಗಳೂರಿನಿಂದ, ಮೊಬೈಲಿನಲ್ಲಿ ನಾಟಕ ಕೇಳುತ್ತಿದ್ದ ನನ್ನ ಅತ್ತೆ!

"ಕೊಲೆ ಯಾರು ಮಾಡಿದ್ರೋ ನಂಗೊತ್ತಿಲ್ಲಪ್ಪ. ಆದ್ರೆ ಎಲ್ಲಿ ಏನು ಕೆಟ್ರೂ ಅದ್ರಾಗೆ ನಮ್ಮ ಅಳಿಯಂದ್ರು ಇದ್ದೇ ಇರ್ತಾರೆ. ಅವರದೇ ಹೆಸರು ಬರ್ಕೊಳ್ರಿ."

ಮಂಗಳ ಕಣ್ಣೊರೆಸಿಕೊಂಡಳು. ನನ್ನ ಜೇಬಿನಿಂದ ಕವರು ಕಿತ್ತುಕೊಂಡು ಒಡೆಯದೇ ನಾಲ್ಕು ಚೂರು ಮಾಡಿ ಬಕೆಟ್ಟಿಗೆ ಹಾಕಿದಳು. ಕೊನೆಯ ದೃಶ್ಯಕ್ಕೆ ಈಗ ಹಾಳೆಯೇ ಇಲ್ಲ! ಹಾಲಪ್ಪ, ತಿಪ್ಪೇಶ ಇಬ್ಬರೂ ಬಾಯಿ ತೆರೆದುಕೊಂಡು ನಿಂತರು. ಎರಡು ಸೆಕೆಂಡು ರೇಡಿಯೋದಲ್ಲಿ ಏನೂ ಇಲ್ಲ. ಮೂರು. ನಾಲ್ಕು.

"ಇನ್ಸ್‌ಪೆಕ್ಟರ್ರೇ," ಎಂದಳು ಮಂಗಳ, "ಇಷ್ಟೊತ್ತಿಂದ ಒಂದು ಮಾತೂ ಆಡದೆ ಮೂಲ್ಯಾಗೆ ನಿಂತು ಬರೀ ಸಪ್ಪಳ ಮಾಡ್ತಾ ಇರೋನು ಒಬ್ಬ ಅದಾನೆ. ನಮ್ಮ ಮನೆ ಆಳು, ಪರಮೇಶಿ!"

ನಾನೇ ಪರಮೇಶಪ್ಪ. ಮದುವೆಯಾದಾಗಿನಿಂದ ಅವಳು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅಂಗಿಯ ಕಾಲರ್ ಹಿಡಿದು ಮೈಕಿಗೆ ಎಳೆದಳು.

"ಹೇಳೋ! ಗೌಡ್ರ ಕಾಗದ ಕದ್ದು ಒಡೆದು ಓದಿದ್ದು ಯಾರೋ?"

"ನಾ... ನಾನೇ."

"ಓದಿದ್ದನ್ನ ಊರಿಗೆಲ್ಲಾ ಸಾರಿದ್ದು ಯಾರೋ?"

"ಒಬ್ಬರಿಗೇ ಹೇಳಿದ್ದು... ಕಿವಿಯಾಗೆ..."

"ಗೌಡ್ರಿಗೆ ಅದು ಗೊತ್ತಾತು ಅಂತ ಕೆರೆಗೆ ನೂಕಿದೆಯಲ್ಲೋ! ನಿನ್ನ ನಂಬಿದ್ದೆನಲ್ಲೋ ನಾನು!"

ಕೊನೆಯ ಮಾತು ನಾಟಕದ್ದಲ್ಲ. ಅದು ನೇರ ನನಗೇ. "ತಪ್ಪಾತು. ಕ್ಷಮಿಸಿಬಿಡು" ಎಂದೆ, ಅಳುತ್ತಲೇ. ಹಾಲಪ್ಪನಿಗೆ ಕೂಡಲೇ ಜೀವ ಬಂತು. "ನಡೀರಿ ಮುಂದೆ, ಮುಂದೆ ಜಾಗ ಐತೆ!" ಎಂದು ನನ್ನನ್ನು ಬಂಧಿಸಿದ. ಕೆಂಪು ದೀಪ ಆರಿತು.

ವೀರೇಶ ಬಾಗಿಲು ತಳ್ಳಿಕೊಂಡು ಓಡಿಬಂದ. "ಅಕ್ಕಾರೆ, ಫೋನು ನಿಲ್ತಾನೇ ಇಲ್ಲ! ಎಲ್ರಿಗೂ ಗೊತ್ತಿತ್ತು, ಯಾರಿಗೂ ಗೊತ್ತಾಗ್ಲಿಲ್ಲ! ಮೇಷ್ಟ್ರೇ, ಎಂಥಾ ಅಳು ಅತ್ರಿ, ಎಲ್ಲಿ ಕಲಿತ್ರಿ?" ಪ್ರತಿ ಶನಿವಾರ ಮಂಗಳಳದೇ ಎಂದು ಅಲ್ಲಿಯೇ ಹೇಳಿಬಿಟ್ಟ. ಜಾತಕದವರು ಮೆಟ್ಟಿಲಿಳಿದು ಹೋದರು. ಇಂಥದ್ದು ಆಗುತ್ತದೆಂದು ಅವರಿಗೆ ಮೊದಲೇ ತಿಳಿದಿರಲಿಲ್ಲ. ಕೊಡ ಜಗಳೂರಿಗೆ ಹೋಯಿತು.

ಬಸ್ಸಿನಲ್ಲಿ ಊರಿಗೆ ಹೊರಟೆವು. ನ್ಯಾಮತಿ ಹತ್ತಿರ ಬಂದಾಗ ನಾನೇ ಧೈರ್ಯ ಮಾಡಿ, "ಮುಂದಿನ ವಾರ ನನಗೆ ಏನು ಕೆಲಸ?" ಎಂದೆ.

"ಪಾತ್ರ ಇಟ್ಟೀನಿ" ಎಂದಳು. "ಹೆಣ. ಮೊದಲನೇ ಸಾಲಿನಾಗೇ ಸತ್ತಿರ್ತೀರಿ. ಮಾತಿಲ್ಲ, ಸಪ್ಪಳ ಇಲ್ಲ."

"ಹಾಗಾದ್ರೆ ಎಷ್ಟು ಗಂಟೆಗೆ ಬರಲಿ?"

"ರೇಡಿಯೋದಾಗೆ ಹೆಣ ಯಾರಿಗೆ ಕಾಣ್ತೈತ್ರಿ? ಮನ್ಯಾಗೇ ಮಲಕ್ಕೊಳ್ರಿ."

ಹಾಗೆ ಪ್ರತಿ ಶನಿವಾರ ಸಂಜೆ ಆರರಿಂದ ಆರೂವರೆಯವರೆಗೆ ನಾನು ನಮ್ಮ ಮನೆಯ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿ ಅಭಿನಯಿಸುತ್ತೇನೆ. ಈವರೆಗೆ ಒಂದೂ ತಪ್ಪು ಮಾಡಿಲ್ಲ. ನಾಟಕಕ್ಕೆ ನನ್ನಿಂದ ಆಗಿರುವ ಅತಿ ದೊಡ್ಡ ಉಪಕಾರ ಇದೇ ಎಂದು ಎಲ್ಲರೂ ಹೇಳುತ್ತಾರೆ.