ಡ್ರಮ್ಮು ಮಾತ್ರ ಕದಲಲ್ಲ

ಸ್ವಲ್ಪ ಹತ್ತಿರ ಬನ್ನಿ. ಜೋರಾಗಿ ಓದಬೇಡಿ, ಪಕ್ಕದ ಮನೆಗೆ ಕೇಳಿಸುತ್ತೆ. ಇದನ್ನ ಯಾರಿಗೂ ಹೇಳಲ್ಲ ಅಂತ ಮೊದಲು ಆಣೆ ಇಡಿ. ಹೇಳೋದಿದ್ರೆ ನಾನೇ ಹೇಳ್ಕೋತೀನಿ, ನಿಮ್ಮ ಕೈಲಿ ಉಪ್ಪು ಖಾರ ಸರಿಯಾಗಿ ಬೀಳಲ್ಲ.

ಜೆ.ಪಿ. ನಗರದ ನಮ್ಮ ರಸ್ತೇಲಿ ದಿನಕ್ಕೊಂದು ಕಥೆ ಆಗ್ತಾನೇ ಇರುತ್ತೆ. ನಮ್ಮ ಕಾಂಪೌಂಡಿಗೆ ಗೊಬ್ಬರದ ಡ್ರಮ್ಮು ಬಂದ ಮೇಲಂತೂ ಅವೆಲ್ಲ ತಾವಾಗೇ ನನ್ನ ಕಾಲಬುಡಕ್ಕೆ ಬಂದು ಬೀಳೋಕೆ ಶುರುವಾದ್ವು. ಅದನ್ನ ತೆಗೆಸ್ತೀನಿ ಅಂತ ಹಟ ಹಿಡಿದವರು ಸೋತು ಸುಣ್ಣವಾದ್ರು. ಇವತ್ತಿಗೂ ಸೀಬೆ ಮರದ ಕೆಳಗೇ ಇದೆ. ಅನುಮಾನ ಇದ್ರೆ ಬಂದು ನೋಡ್ಕೊಂಡು ಹೋಗಿ.

ಅಜ್ಜಿಯ ಭಟ್ಟಿ

ಆಗ ಕಸದ ಗಾಡಿ ಬಂದ್ರೆ ಬಂತು, ಇಲ್ದಿದ್ರೆ ಇಲ್ಲ. ಮೂಲೆ ಸೈಟೇ ಎಲ್ಲರ ತಿಪ್ಪೆ. ನನಗೆ ರೇಗಿಹೋಯ್ತು. ಗುಜರಿಯಿಂದ ದೊಡ್ಡ ನೀಲಿ ಪ್ಲಾಸ್ಟಿಕ್ ಡ್ರಮ್ಮು ತರಿಸಿ, ವೆಲ್ಡಿಂಗ್ ಅಂಗಡಿಯವನ ಕೈಲಿ ನಡುವೆ ಕಬ್ಬಿಣದ ಪೈಪು ತೂರಿಸಿ, ಸ್ಟ್ಯಾಂಡಿನ ಮೇಲೆ ಅಡ್ಡ ಮಲಗಿಸಿ, ತಿರುಗಿಸೋಕೆ ಹಿಡಿ ಹಾಕಿಸ್ದೆ. ಹೊಟ್ಟೇಲಿ ಪುಟ್ಟ ಬಾಗಿಲು. ಅಡಿಗೆಮನೆ ಸಿಪ್ಪೆ, ಒಣಗಿದೆಲೆ ಹಾಕೋದು, ದಿನಾ ತಿರುಗಿಸೋದು. ಬೇಗ ಕೊಳೀಲಿ ಅಂತ ಹುಳಿ ಮಜ್ಜಿಗೆಗೆ ಬೆಲ್ಲ ಕದಡಿ ಹುಯ್ದೆ.

ಹೊರಟಿತು ನೋಡಿ ವಾಸನೆ! ಈ ಮುದುಕಿ ಕಳ್ಳಭಟ್ಟಿ ಇಟ್ಟಿದ್ದಾಳೆ ಅಂತ ಯಾರೋ ಸ್ಟೇಷನ್ನಿಗೆ ಫೋನು ಮಾಡಿದ್ರು. ಯಾರೋ ಏನು, ಪಕ್ಕದ ಮನೆಯಾಕೇನೇ. ಬ್ಯಾಂಕಿನಲ್ಲಿ ಕೆಲಸ, ಮೂಗು ಸದಾ ಮೇಲೆ. ಸಾಕ್ಷಿ ಇಲ್ಲ ಅಷ್ಟೆ, ನನಗೆ ಗೊತ್ತು.

ಪೊಲೀಸಪ್ಪ ಬಂದ. "ಏನಜ್ಜಿ ಇದರೊಳಗೆ?"

"ನೀನೇ ತೆಗೆದು ನೋಡಪ್ಪಾ, ನನಗೇನು ಭಯ?"

ಬಾಗಿಲು ತೆಗೆದು, ತಲೆ ತೂರಿಸಿ, ಜೋರಾಗಿ ಉಸಿರೆಳೆದ. ಆಮೇಲೆ ನಲ್ಲಿ ಹತ್ರ ಕೂತು ಮುಖ ತೊಳೆದ. ಎದ್ದು ಎರಡು ಹೆಜ್ಜೆ ಇಟ್ಟು, ವಾಪಸ್ ಬಂದು ಇನ್ನೊಂದು ಸಲ ತೊಳೆದ.

"ಭಟ್ಟೀನೇ ವಾಸಿ ಇತ್ತು ಕಣಜ್ಜಿ, ಕೇಸಾದ್ರೂ ಹಾಕ್ಬಹುದಿತ್ತು. ಇದಕ್ಕೆ ಯಾವ ಸೆಕ್ಷನ್ ಹಾಕ್ಲಿ?"

ದೋಸೆಗೆ ಕಟ್ಟಿದ ದಾರ

ಗೊಬ್ಬರ ಕರ‍್ರಗೆ ಕಾಫಿ ಪುಡಿ ಹಾಗೆ ಬಂತು. ನನ್ನ ದಾಸವಾಳ ಅಂಗೈ ಅಗಲ ಬಿಟ್ಟಿದ್ದು ನೋಡಿ ಬ್ಯಾಂಕಿನಾಕೆಗೆ ತಡೀಲಿಲ್ಲ. ತನ್ನ ಗುಲಾಬಿಗೂ ಗೊಬ್ಬರ ಬೇಕು ಅಂತ ತಾನಾಗೇ ದಿನಾ ಸಿಪ್ಪೆ ಚೀಲ ಕೊಡೋಕೆ ಶುರು ಮಾಡಿದ್ಳು.

ಒಂದು ಶುಕ್ರವಾರ ಅವಳ ಮನೇಲಿ ಅರಿಶಿನ ಕುಂಕುಮ. ಬಂದವರ ಮುಂದೆಲ್ಲ ಒಂದೇ ಬಡಾಯಿ. "ಹೋಟೆಲ್ ದೋಸೆ ನಮ್ಮನೇಲಿ ಯಾರೂ ಮುಟ್ಟಲ್ಲಪ್ಪ. ಎಲ್ಲಾ ನನ್ನ ಕೈದೇ ಆಗ್ಬೇಕು." ಅವತ್ತು ಬೆಳಗ್ಗೆ ಅವಳ ಚೀಲ ಬಿಚ್ಚಿದವಳು ನಾನು. ಒಳಗೆ ಚೌಕವಾಗಿ ಕತ್ತರಿಸಿದ ಬಾಳೆಲೆ, ಎಣ್ಣೆ ಕುಡಿದ ಪೇಪರು, ದಾರ, ಚಟ್ನಿ ಕಟ್ಟಿದ ಪುಟ್ಟ ಪ್ಲಾಸ್ಟಿಕ್ಕು. ಸುಮ್ಮನಿರೋಕಾಗುತ್ತಾ?

"ಏನಮ್ಮಾ, ಮನೇಲಿ ಹುಯ್ದ ದೋಸೇನೂ ನೀನು ಪೇಪರ್ ಸುತ್ತಿ ದಾರ ಕಟ್ಟೇ ತಿನ್ನೋದಾ?"

ಅವಳ ಮುಖ ಕುಂಕುಮದ ಬಟ್ಟಲಾಯ್ತು. "ಆಂಟಿ, ಕಸ ಕೊಟ್ಟಿದ್ದು ಕೊಳೆಸೋಕೆ, ಓದೋಕಲ್ಲ!"

"ನಾನು ಕಲ್ತಿರೋದು ಎರಡನೇ ಕ್ಲಾಸು ತಾಯಿ. ನನಗೆ ಓದೋಕೆ ಬರೋದು ಇದೊಂದೇ."

ಗಡಗಡ

ಅವತ್ತಿಂದ ಸಿಪ್ಪೆ ಬಂದ್. ಅವಳ ಕಸದ ಡಬ್ಬ ಗೇಟಿನ ಹೊರಗೆ ಬಂದು ಕೂತ್ಕೊಳ್ತು. ರಸ್ತೆ ಎಲ್ಲರದೂ ತಾನೆ? ಹಾಲಿಗೆ ಹೋಗ್ತಾ ಕಣ್ಣು ತಾನಾಗೇ ಅತ್ತ ಹೋಗುತ್ತೆ, ಮುಚ್ಚಳ ಒಂಚೂರು ಕೈಗೆ ತಗಲುತ್ತೆ. ಅಷ್ಟೇ ನಾನು ಮಾಡ್ತಿದ್ದಿದ್ದು.

ಇಷ್ಟಾದ್ರೂ ನಮ್ಮೆಜಮಾನ್ರಿಗೆ ನಾಚಿಕೆ ಇಲ್ಲ, ಪೇಪರ್ ಓದೋ ನೆಪದಲ್ಲಿ ಸಂಜೆಯಾದ್ರೆ ಆ ಬ್ಯಾಂಕಿನಾಕೆ ವರಾಂಡದಲ್ಲೇ ಠಿಕಾಣಿ. ಆದ್ರೂ ಆ ಬೇಸಗೇಲಿ ಮನುಷ್ಯ ಸ್ವಲ್ಪ ತಿದ್ಕೊಂಡ್ರು. ಡ್ರಮ್ಮಿನ ಹತ್ರ ಸುಳೀದೇ ಇದ್ದವರು, "ಕೊಡೇ, ಸಿಪ್ಪೆ ನಾನೇ ಹಾಕಿ ಬರ್ತೀನಿ" ಅನ್ನೋಕೆ ಶುರು ಮಾಡಿದ್ರು.

ಅದೇ ಬೇಸಗೇಲೇ ಡ್ರಮ್ಮು ತಿರುಗಿಸಿದ್ರೆ ಗಡಗಡ ಅನ್ನೋಕೆ ಹತ್ತಿತು. ಕಲ್ಲು ಉರುಳಿಸಿದ ಹಾಗೆ. ಒಂದು ಭಾನುವಾರ ಬೆಳಗ್ಗೆ ಬ್ಯಾಂಕಿನಾಕೆ ರಸ್ತೆಯವರನ್ನೆಲ್ಲ ಸೇರಿಸ್ಕೊಂಡು ಗೇಟಿಗೆ ಬಂದೇಬಿಟ್ಳು.

"ಆಂಟಿ, ನಮಗೆ ನಿದ್ದೆ ಇಲ್ಲ. ಈ ಡ್ರಮ್ಮು ಇವತ್ತೇ ತೆಗೀಬೇಕು."

"ನನ್ನ ಕಾಂಪೌಂಡು, ನನ್ನ ಸಿಪ್ಪೆ. ತೆಗಿಯಲ್ಲ, ಏನ್ಮಾಡ್ತೀಯೋ ಮಾಡ್ಕೋ."

ಅಂದವಳೇ ಎಲ್ಲರೆದುರಿಗೇ ಡ್ರಮ್ಮಿನ ಬಾಗಿಲು ತೆಗೆದು ಕೈ ಹಾಕ್ದೆ. ಬಂದಿದ್ದು ಮಾವಿನ ವಾಟೆ! ಒಂದಲ್ಲ ಎರಡಲ್ಲ, ಬೊಗಸೆ ತುಂಬ. ನಾರೆಲ್ಲ ನಯವಾಗಿ ಚೀಪಿದ ರಸಪುರಿ ವಾಟೆ. ನನಗೆ ಎಲ್ಲಾ ಹೊಳೆದುಹೋಯ್ತು.

"ನೋಡ್ರಪ್ಪಾ! ಡ್ರಮ್ಮು ಕೆಡಿಸ್ಬೇಕು ಅಂತ ಗೋಡೆ ಮೇಲಿಂದ ವಾಟೆ ಎಸೀತಾಳೆ, ಆಮೇಲೆ ಸದ್ದು ಅಂತ ದೂರು ತರ್ತಾಳೆ! ನಮ್ಮೆಜಮಾನ್ರಿಗೆ ಶುಗರ್ರು. ಅವರಿಗೆ ಶುಗರ್ ಅಂದ ದಿನದಿಂದ ನಮ್ಮನೆ ಹೊಸ್ತಿಲು ಮಾವಿನಹಣ್ಣು ದಾಟಿಲ್ಲ, ದಾಟೋಕೆ ನಾನು ಬಿಟ್ಟಿಲ್ಲ!"

"ಹೋಗ್ಲಿ ಬಿಡೇ," ಹಿಂದಿನಿಂದ ನಮ್ಮೆಜಮಾನ್ರು ಸೆರಗು ಜಗ್ಗಿದ್ರು.

"ಯಾಕೆ ಬಿಡ್ಲಿ? ಈ ವಾಟೆ ನಮ್ಮನೆಯವರು ಚೀಪಿದ್ದು ಅಂತ ಇವಳು ತೋರಿಸ್ಲಿ, ಈ ಕ್ಷಣ ಡ್ರಮ್ಮು ಗುಜರಿಗೆ ಹಾಕ್ತೀನಿ!"

ಬ್ಯಾಂಕಿನಾಕೆ ನನ್ನ ನೋಡಿದ್ಳು, ವಾಟೆ ನೋಡಿದ್ಳು, ನನ್ನ ಹಿಂದೆ ಅಡಗಿ ನಿಂತವರನ್ನ ನೋಡಿದ್ಳು. ಆಮೇಲೆ ನನ್ನ ಮುಖಕ್ಕೇ ಅಂದ್ಳು.

"ಅಯ್ಯೋ, ಗುಜರಿಗೆ ಮಾತ್ರ ಹಾಕ್ಬೇಡಿ ಆಂಟಿ, ಸದ್ದು ಹೇಗೋ ತಡ್ಕೋತೀವಿ. ದಿನಾ ಸಂಜೆ ನಮ್ಮ ವರಾಂಡದಲ್ಲಿ ಕೂತು ಹಣ್ಣು ತಿಂದು, ಅಂಕಲ್ ವಾಟೆ ಜೇಬಿಗೆ ಹಾಕ್ಕೊಂಡು ಹೋಗೋದು ಯಾಕೆ ಅಂತ ಇವತ್ತು ಗೊತ್ತಾಯ್ತು. ಡ್ರಮ್ಮೂ ಇಲ್ದಿದ್ರೆ ಪಾಪ ಅವರು ಎಲ್ಲಿ ಹಾಕ್ತಾರೆ? ನಮ್ಮ ಡಬ್ಬಕ್ಕೆ ಹಾಕೋಣ ಅಂದ್ರೆ ಅದನ್ನ ನೀವು ದಿನಾ ಬೆಳಗ್ಗೆ ಓದ್ತೀರಲ್ಲ!"