ಇಲ್ಲದ ಟಿವಿಗೆ ಹೋದ ಮಾತುಗಳು

ಮದುವೆಯಾಗಿ ಇಪ್ಪತ್ತೇಳು ವರ್ಷವಾದ ಗಂಡಸು ತನ್ನ ಸ್ವಂತ ಹೆಂಡತಿಯನ್ನು ಭಾನುವಾರ ಮಾತ್ರ, ಅದೂ ಅರ್ಧ ಗಂಟೆ ಮಾತ್ರ, ಬೇವಿನ ಮರದ ಕೆಳಗೆ ಕೂತು ನೋಡಬೇಕು ಎಂದರೆ ಅವನು ಏನು ಅಪರಾಧ ಮಾಡಿರಬಹುದು ಎಂದು ನೀವು ಕೇಳಬಹುದು. ನಾನು ಮಾಡಿದ ಅಪರಾಧ ಇಷ್ಟೇ: ಹೆಂಡತಿಗೆ ಬಡ್ತಿ ಸಿಕ್ಕಾಗ ಓಣಿಗೆಲ್ಲ ಸಿಹಿ ಹಂಚಿದ್ದು.

ನಾನು ಮಚ್ಛೇಂದ್ರ, ಭಾಲ್ಕಿಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಮನೆ ಬೀದರಿನ ಚಿದ್ರಿಯಲ್ಲಿ. ಬೆಳಿಗ್ಗೆ ರೈಲು ಹತ್ತಿ ಭಾಲ್ಕಿಗೆ ಹೋಗುತ್ತೇನೆ, ಸಂಜೆ ರೈಲು ಹತ್ತಿ ಬೀದರಿಗೆ ಬರುತ್ತೇನೆ. ಬೀದರಿನಲ್ಲೇ ಕಚೇರಿ ಕೆಲಸದಲ್ಲಿದ್ದ ನನ್ನ ಹೆಂಡತಿ ಸುಭದ್ರಾಬಾಯಿಗೆ ಬಡ್ತಿ ಕೊಟ್ಟು ಔರಾದದ ಬಾಲಕಿಯರ ವಸತಿ ನಿಲಯಕ್ಕೆ ವಾರ್ಡನ್ ಮಾಡಿದರು. ಭಾಲ್ಕಿ ಒಂದು ದಿಕ್ಕು, ಔರಾದ ಇನ್ನೊಂದು ದಿಕ್ಕು. ಔರಾದಕ್ಕೆ ರೈಲೂ ಇಲ್ಲ. ಅರವತ್ತು ಹುಡುಗಿಯರನ್ನು ಬಿಟ್ಟು ವಾರ್ಡನ್ ಹೊರಗೆ ಮಲಗುವಂತಿಲ್ಲ, ಗಂಡಸರು ಒಳಗೆ ಕಾಲಿಡುವಂತಿಲ್ಲ. ವಾರ್ಡನ್ನರ ಗಂಡನೂ ಗಂಡಸೇ ಎಂಬುದು ನಿಯಮ. (ನಮ್ಮ ಮನೆಯಲ್ಲಿ ಈ ವಿಷಯವನ್ನು ಯಾರೂ ಇಷ್ಟು ಸ್ಪಷ್ಟವಾಗಿ ಒಪ್ಪಿಕೊಂಡಿರಲಿಲ್ಲ.)

ಒಬ್ಬಳೇ ಮಗಳು ಐಶ್ವರ್ಯಾ ಹುಮನಾಬಾದಿನಲ್ಲಿ ಗಂಡನ ಮನೆಯಲ್ಲಿದ್ದಾಳೆ. ಹೀಗಾಗಿ ನಾಲ್ಕು ಕೋಣೆಗಳ ಮನೆಯಲ್ಲಿ ಉಳಿದವನು ನಾನೊಬ್ಬ. ಮೊದಲ ವಾರ ಇದು ಸ್ವರ್ಗ ಅನ್ನಿಸಿತು. ಎರಡನೆಯ ವಾರ ಒಬ್ಬನಿಗೆ ಚಹಾ ಮಾಡುವುದು ಎಷ್ಟು ಕಷ್ಟ ಎಂದು ತಿಳಿಯಿತು. ನಮ್ಮ ಮನೆಯ ಪಾತ್ರೆಗಳಿಗೆ ಒಂದು ಕಪ್ ಹಾಲು ಹಾಕಿದರೆ ತಳವೇ ಮುಚ್ಚುವುದಿಲ್ಲ. ಮೂರನೆಯ ವಾರದಿಂದ ನಾನು ಕುಕ್ಕರು ಸೀಟಿ ಹೊಡೆದರೆ 'ಬಂದೆ, ಬಂದೆ' ಎಂದು ಉತ್ತರ ಕೊಡತೊಡಗಿದೆ.

ಫೋನಿಲ್ಲವೇ ಎನ್ನುತ್ತೀರಿ. ಇದೆ, ಬಟನ್ ಫೋನು. ದೊಡ್ಡ ಫೋನು ಕೊಂಡರೆ ಸಾಹೇಬರು ಕಚೇರಿಯ ಗ್ರೂಪಿಗೆ ಸೇರಿಸಿಬಿಡುತ್ತಾರೆ ಎಂಬ ಭಯಕ್ಕೆ ಅದನ್ನೇ ಉಳಿಸಿಕೊಂಡಿದ್ದೇನೆ. ಸುಭದ್ರಾ ದಿನವೂ ಅದಕ್ಕೆ ಕರೆ ಮಾಡುತ್ತಾಳೆ. "ಉಂಡೀರೇನ್ರಿ? ಗ್ಯಾಸ್ ಬಂದ್ ಮಾಡೀರೇನ್ರಿ? ಬಾಗಲಾ ಹಾಕೀರೇನ್ರಿ?" ನಾನು ಮೂರು ಸಲ 'ಹೂಂ' ಎನ್ನುತ್ತೇನೆ. ಅಷ್ಟರಲ್ಲಿ ಹಿಂದಿನಿಂದ ಯಾವಳೋ ಹುಡುಗಿ 'ಮೇಡಂ, ನೀರು ಹೋತ್ರಿ' ಎಂದು ಕೂಗುತ್ತಾಳೆ. ಮಾತು ಮುಗಿಯಿತು.

ಆಗ ನನಗೊಂದು ಉಪಾಯ ಹೊಳೆಯಿತು. ನಿಲಯದ ಆಫೀಸು ಕೋಣೆಯಲ್ಲಿ ಕ್ಯಾಮೆರಾ ಇರುವ ಕಂಪ್ಯೂಟರಿತ್ತು. ನಮ್ಮ ಅಟ್ಟದ ಮೇಲೆ ಐಶ್ವರ್ಯಾ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪಿತ್ತು. ಎರಡನ್ನೂ ವಿಡಿಯೋ ಕರೆಯಿಂದ ಜೋಡಿಸಿದರೆ ದಂಪತಿಗಳು ಸಂಜೆ ಮುಖ ನೋಡಿಕೊಂಡು ಉಣ್ಣಬಹುದಲ್ಲ. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಗಾಂಧಿ ಗಂಜದ ಹತ್ತಿರ ರಿಪೇರಿ ಅಂಗಡಿ ಇಟ್ಟಿರುವ ಶಾಹಿದನ ಬಳಿ ಹೋದೆ.

ಶಾಹಿದ ಅದನ್ನು ತೆರೆದು, ಹತ್ತು ನಿಮಿಷ ಕಾದು, ಮುಚ್ಚಿದ. "ಸಾಬ್, ಇದಕ್ಕ ವಯಸ್ಸಾಗ್ಯಾದ. ಈಗಿನ ವಿಂಡೋಸ್ ಹೊರಂಗಿಲ್ಲ. ಲಿನಕ್ಸ್ ಹಾಕ್ತೇನಿ. ಫುಕಟ್ ಅದ, ಹಗೂರ ಅದ."

"ಫುಕಟ್ ಅಂದ್ರ ಯಾರು ಮಾಡ್ಯಾರದು?"

"ದುನಿಯಾದ ಮಂದಿ ಕೂಡಿ ಮಾಡ್ಯಾರ್ರಿ. ಅದರ ಒಳಗ ಏನದ ಅಂತ ಯಾರು ಬೇಕಾದ್ರೂ ನೋಡಬಹುದು. ಕೆಟ್ರ ಯಾರು ಬೇಕಾದ್ರೂ ರಿಪೇರಿ ಮಾಡಬಹುದು."

ಕೆಟ್ಟರೆ ಎಂಬ ಮಾತನ್ನು ನಾನು ಆಗಲೇ ಗಮನಿಸಬೇಕಿತ್ತು.

ಮನೆಗೆ ಇಂಟರ್ನೆಟ್ಟಿನ ತಂತಿ ಎಳೆಸಿದೆ, ಲ್ಯಾಪ್‌ಟಾಪು ತೆರೆದೆ. ಸುಂದರವಾದ ನೀಲಿ ಪರದೆ ಬಂತು. ವೈಫೈ ಮಾತ್ರ ಬರಲಿಲ್ಲ. ಶಾಹಿದನಿಗೆ ಫೋನು ಮಾಡಿದರೆ "ಅದನ್ನ ನಡಸೋ ಡ್ರೈವರ್ ಲಿನಕ್ಸಿನ್ಯಾಗ ಇಲ್ರಿ" ಎಂದ. ಔರಾದದ ಬಸ್ಸಿನಲ್ಲಿ ಕೂತು ಡ್ರೈವರಿಗಾಗಿ ಕಾದು ಕಾದು ನನಗೆ ಅಭ್ಯಾಸವಿದೆ, ಆದರೆ ಲ್ಯಾಪ್‌ಟಾಪಿನ ಡ್ರೈವರು ಎಷ್ಟು ಕಾದರೂ ಬರುವವನಲ್ಲವಂತೆ. ವೈಫು ಔರಾದದಲ್ಲಿ, ವೈಫೈ ಎಲ್ಲೂ ಇಲ್ಲ. ಕೊನೆಗೆ ಉದ್ದನೆಯ ಕೇಬಲ್ ತಂದು ನೇರವಾಗಿ ಚುಚ್ಚಿದೆ.

ಆ ಸಂಜೆ ಪರದೆಯ ಮೇಲೆ ಸುಭದ್ರಾ ಕಂಡಳು. ಕಂಡವಳೇ ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. ಹಿಂದೆ ನಾಲ್ಕು ಹುಡುಗಿಯರು ಬಂದು ನಿಂತು ಅವರೂ ನಕ್ಕರು. ನಗು ಕಂಡಿತೇ ಹೊರತು ಕೇಳಿಸಲಿಲ್ಲ. ಆಮೇಲೆ ಬಟನ್ ಫೋನಿಗೆ ಕರೆ ಬಂತು. "ನೀವು ತಲಿಕೆಳಗಾಗಿ ಕಾಣ್ಲಿಕತ್ತೀರಿ. ಫ್ಯಾನು ಕೆಳಗ ಅದ, ನೀವು ಮ್ಯಾಲ ಜೋತು ಬಿದ್ದೀರಿ."

ನಾನು ಲ್ಯಾಪ್‌ಟಾಪನ್ನೇ ಬೋರಲು ಹಾಕಿ ಎರಡು ಡಬ್ಬಿಗಳ ಮೇಲೆ ನಿಲ್ಲಿಸಿದೆ. ಆಗ ನಾನು ನೆಟ್ಟಗಾದೆ, ಅವಳು ತಲೆಕೆಳಗಾದಳು.

"ಇಂಥಾವಕ್ಕ ಫೋರಂ ಅದರಿ. ಅಲ್ಲಿ ಬರೀರಿ" ಎಂದ ಶಾಹಿದ. ಅದು ಕನ್ನಡದಲ್ಲೇ ಲಿನಕ್ಸ್ ಬಳಸುವವರ ಒಂದು ಕೂಟ. ಯಾರಾದರೂ ತಮ್ಮ ತೊಂದರೆ ಬರೆದರೆ ಬಲ್ಲವರು ಉತ್ತರ ಕೊಡುತ್ತಾರೆ. ನಾನು ಇಪ್ಪತ್ತೆಂಟು ವರ್ಷ ಕಡತ ಬರೆದವನು. ಎರಡೇ ಬೆರಳಿನಿಂದ ಒತ್ತಿ ಒತ್ತಿ ಬರೆದೆ: 'ಮಾನ್ಯರೇ, ವಿಷಯ: ಕ್ಯಾಮೆರಾ ತಲೆಕೆಳಗಾಗಿರುವ ಹಾಗೂ ಧ್ವನಿ ಬಾರದಿರುವ ಕುರಿತು. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ...'

ಅರ್ಧ ಗಂಟೆಯಲ್ಲಿ ಅಶ್ವಜಿತ ಎಂಬುವವರಿಂದ ಉತ್ತರ ಬಂತು. ಸರಕಾರಿ ನೌಕರಿಯಲ್ಲಿ ನನ್ನ ಯಾವ ಪತ್ರಕ್ಕೂ ಇಷ್ಟು ಬೇಗ ಉತ್ತರ ಬಂದಿರಲಿಲ್ಲ. ಕೆಲವು ಲ್ಯಾಪ್‌ಟಾಪುಗಳಲ್ಲಿ ಕ್ಯಾಮೆರಾವನ್ನು ತಲೆಕೆಳಗಾಗಿಯೇ ಕೂರಿಸಿರುತ್ತಾರಂತೆ, ಅದನ್ನು ನೆಟ್ಟಗೆ ಮಾಡಲು ಒಂದು ಆಜ್ಞೆ ಕೊಡಬೇಕಂತೆ. ಕೊಟ್ಟೆ. ಮೂರು ಸಲ ತಪ್ಪು ಒತ್ತಿದೆ, ನಾಲ್ಕನೆಯ ಸಲ ನೆಟ್ಟಗಾದೆ.

ಧ್ವನಿ ಮಾತ್ರ ಜಪ್ಪಯ್ಯ ಎಂದರೂ ಬರಲಿಲ್ಲ. ಅಶ್ವಜಿತ ಇದನ್ನು ಒತ್ತಿ ನೋಡಿ, ಅದರಲ್ಲಿ ಬಂದದ್ದನ್ನು ಇಲ್ಲಿ ಅಂಟಿಸಿ ಎನ್ನುವರು, ನಾನು ಅಂಟಿಸುವೆನು. ಪ್ರತಿ ಉತ್ತರದ ಕೊನೆಗೆ 'ನಿಮ್ಮ ಮಾತು ಆ ಕಡೆಯವರಿಗೆ ಕೇಳಿಸುತ್ತದೆಯೇ?' ಎಂದು ಕೇಳುವರು. ನಾನು 'ಇಲ್ಲ' ಎಂದು ಬರೆಯುವೆನು. ನನಗೇ ಏನೂ ಕೇಳಿಸದ ಯಂತ್ರದಿಂದ ಅವಳಿಗೆ ಹೇಗೆ ಕೇಳಿಸೀತು? ಇದರಲ್ಲಿ ಪರೀಕ್ಷೆ ಮಾಡುವಂಥದ್ದೇನಿದೆ?

ಒಂದು ಗುಟ್ಟು ಹೇಳಿಬಿಡುತ್ತೇನೆ. ಆ ಕೂಟದಲ್ಲಿ ತೊಂದರೆ ನೀಗಿದ ಮೇಲೆ 'ಪರಿಹಾರವಾಗಿದೆ' ಎಂಬ ಗುಂಡಿ ಒತ್ತಬೇಕು. ಒತ್ತಿದರೆ ಆ ಮಾತುಕತೆ ಅಲ್ಲಿಗೆ ಬಂದ್. ಕ್ಯಾಮೆರಾ ನೆಟ್ಟಗಾಗಿ ತಿಂಗಳಾದರೂ, ಧ್ವನಿಯ ಆಸೆ ಬಿಟ್ಟ ಮೇಲೂ, ನಾನು ಆ ಗುಂಡಿ ಒತ್ತಲಿಲ್ಲ. ಕಚೇರಿಯಿಂದ ಬಂದು ಬೀಗ ತೆಗೆದರೆ, ಜಗತ್ತಿನಲ್ಲಿ ಒಬ್ಬರಾದರೂ 'ಈಗ ಹೇಗಿದೆ?' ಎಂದು ಕೇಳಿರುತ್ತಿದ್ದರು. ಅವರು ಕೇಳಿದ್ದು ಲ್ಯಾಪ್‌ಟಾಪಿನ ಬಗ್ಗೆಯೇ ಇರಲಿ.

ಈ ನಡುವೆ ನಾವಿಬ್ಬರೂ ದಿನವೂ ಏಳು ಗಂಟೆಗೆ ಮೂಕರಾಗಿ ಉಣ್ಣತೊಡಗಿದ್ದೆವು. ಜೊತೆಗೆ ಫೋನು ಹಚ್ಚಿ ನೋಡಿದೆವು. ಮಾತು ಮೊದಲು ಬಂದು ಮುಖ ಆಮೇಲೆ ಬರುತ್ತಿತ್ತು. ಅವಳು ಬೈದು ಮುಗಿಸಿದ ಮೇಲೆ ಪರದೆಯ ಮೇಲೆ ಸಿಟ್ಟು ಏರುತ್ತಿತ್ತು. ತಲೆ ತಿರುಗಿ, ಬಿಟ್ಟುಬಿಟ್ಟೆವು. ಮೂಕ ಊಟವೇ ಚೆನ್ನಾಗಿತ್ತು. ಕೇಳಿಸುವುದಿಲ್ಲ ಎಂಬ ಧೈರ್ಯದಲ್ಲಿ ನಾನು ಬಾಯಿಗೆ ಬಂದದ್ದನ್ನೆಲ್ಲ ಪರದೆಗೆ ಹೇಳುತ್ತಿದ್ದೆ. ಬೇಳೆಗೆ ಎರಡು ಸಲ ಉಪ್ಪು ಹಾಕಿದ್ದು, ಸಾಹೇಬರಿಗೆ ಟಿಪ್ಪಣಿ ಬರೆಯಲು ಬಾರದು ಎಂಬುದು, ರಕ್ತದಲ್ಲಿ ಸಕ್ಕರೆ ಬಂದಿದೆ ಎಂದು ಡಾಕ್ಟರು ಹೇಳಿದ್ದು, ಅದನ್ನು ಅವಳಿಗೆ ಹೇಳಬಾರದೆಂದು ನಾನು ನಿಶ್ಚಯಿಸಿದ್ದು. ಅವಳೂ ಆ ಕಡೆಯಿಂದ ಏನೇನೋ ಹೇಳುತ್ತಿದ್ದಳು. ತುಟಿ ಆಡುತ್ತಿದ್ದವು. ನಾನು ತಲೆಯಾಡಿಸುತ್ತಿದ್ದೆ.

ಅಷ್ಟರಲ್ಲಿ ವರ್ಗಾವಣೆಯ ಕಾಲ ಬಂತು. ಸುಭದ್ರಾ ಫೋನಿನಲ್ಲಿ ಕೇಳಿದಳು. "ಅರ್ಜಿ ಹಾಕ್ಲೋ ಬ್ಯಾಡೋ? ನೀವೇನಂತೀರಿ?"

"ನಿನ್ನ ಮರ್ಜಿ. ನಾ ಆರಾಮ ಇದ್ದೇನಿ."

"ಖರೆ?"

"ಖರೆ. ನನಗೇನಾಗ್ಯಾದ?"

ಮರುದಿನ ಸಂಜೆ ಅವಳು ಪರದೆಯ ಮೇಲೆ ಬಂದು ತಟ್ಟೆಯ ಮುಂದೆ ಕೂತಳು. ನಾನು ರೊಟ್ಟಿ ಮುರಿಯಲು ಹೋದೆ, ಆಗಲಿಲ್ಲ.

"ಸುಭದ್ರಾ, ನಾ ಆರಾಮ ಇಲ್ಲ" ಎಂದೆ. "ಬಾಗಲಾ ತೆಗದ್ರ 'ಚಪ್ಪಲಿ ಹೊರಗ ಬಿಡ್ರಿ' ಅನ್ನೋರು ಯಾರೂ ಇಲ್ಲ. ಹೋದ ವಾರ ಚಪ್ಪಲಿ ಹಾಕ್ಕೊಂಡೇ ಅಡಗಿಮನಿತನ ಹೋದೆ. ಯಾರೂ ಬೈಲಿಲ್ಲ. ಅಲ್ಲೇ ನಿಂತೆ, ಭಾಳ ಹೊತ್ತು. ನಿನ್ನ ನೌಕರಿ ದೊಡ್ಡದು, ನನಗ ಗೊತ್ತದ. ಆದ್ರೂ ವಾಪಸ್ ಬಾ."

ಅವಳು ಪಕ್ಕಕ್ಕೆ ತಿರುಗಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು. (ಪಕ್ಕದಲ್ಲೇ ನಿಲಯದ ಅಡುಗೆಮನೆ. ಅರವತ್ತು ಜನರ ಈರುಳ್ಳಿ ಎಂದುಕೊಂಡೆ.) ಆಮೇಲೆ ಏನೋ ಎರಡು ಮಾತು ಆಡಿದಳು. ನಾನು ವಾಡಿಕೆಯಂತೆ ತಲೆಯಾಡಿಸಿದೆ.

ಮರುದಿನ ಅವಳ ಫೋನು. "ಅರ್ಜಿ ಹಾಕ್ತೇನ್ರಿ. ಕಾರಣ ಏನ್ ಬರೀಲಿ? ನೀವು ಕಾಯ್ದೆ ಬಲ್ಲವರು."

ನನ್ನ ಎದೆ ಉಬ್ಬಿತು. ಗುಮಾಸ್ತನ ಗತ್ತಿನಿಂದ ಹೇಳಿದೆ. "ಪತಿ-ಪತ್ನಿ ಪ್ರಕರಣ ಅಂತ ಬರಿ. ಗಂಡ-ಹೆಂಡ್ತಿ ಒಂದೇ ಕಡಿ ಇರಲಿ ಅಂತ ಮಾಡಿದ ಕಾಯ್ದೆ ಅದು. ಅದರ ಮುಂದ ಮತ್ತ್ಯಾವ ಕಾರಣಾನೂ ನಡಿಯಂಗಿಲ್ಲ."

ಮುಂದಿನ ಭಾನುವಾರ ಪೇಢೆ ಕಟ್ಟಿಸಿಕೊಂಡು ಔರಾದಕ್ಕೆ ಹೋದೆ. ಬೇವಿನ ಮರದ ಕೆಳಗೆ ಕೂತಾಗ ನಿಲಯದ ಅಡುಗೆಯವರು ಮರಿಯಮಬೀ ಚಹಾ ತಂದರು. ಗುಟುಕರಿಸಿದೆ. ಸಕ್ಕರೆಯ ಸುಳಿವೇ ಇಲ್ಲ.

"ಸಕ್ರಿ ಮರ್ತೀರೇನ್ರಿ?"

"ಇಲ್ಲ ಸಾಬ್, ಯಾದ್ ಇಟ್ಟೇ ಬಿಟ್ಟೀನಿ. ಡಾಕ್ಟರ್ ನಿಮಗ ಬ್ಯಾಡ ಅಂದಾರಲ್ಲ." ಹೀಗೆಂದು ನನ್ನ ಕೈಯ ಪೇಢೆಯ ಪೊಟ್ಟಣವನ್ನೂ ತೆಗೆದುಕೊಂಡು ಹೋದರು. ಕಿಟಕಿಯಲ್ಲಿ ಮೂರು ಹುಡುಗಿಯರು ನಿಂತಿದ್ದರು. ಒಬ್ಬಳು ಬಹಳ ಮರ್ಯಾದೆಯಿಂದ ಕೇಳಿದಳು. "ಸರ್, ನಿಮ್ಮ ಸಾಹೇಬರು ಈಗರೆ ಟಿಪ್ಪಣಿ ಸರಿ ಬರೀತಾರೇನ್ರಿ?"

ತಿರುಗಿ ನೋಡಿದೆ. ಎದುರಿಗೆ ಸುಭದ್ರಾ ಬಂದು ಕೂತಿದ್ದಳು.

"ನಿನಗ ಕೇಳಸ್ತಿತ್ತೇನು?"

"ಕೇಳಸ್ತಿತ್ತು. ಮೊದಲ ದಿನದಿಂದ್ಲೂ. ಇಲ್ಲಿ ಸ್ಪೀಕರ್ ದೊಡ್ಡದದ, ಅಡಗಿಮನಿಗೂ ಕೇಳಸ್ತದ."

"ಮತ್ತ ಫೋನಿನ್ಯಾಗ ಹೇಳಬಾರದಾ?"

"ಹ್ಯಾಂಗ ಹೇಳ್ಲಿ? ಇಪ್ಪತ್ತೇಳು ವರ್ಷದಾಗ ನೀವು ನನ್ನ ಕೂಡ ಅಷ್ಟು ಮಾತಾಡಿದ್ದೇ ಇಲ್ಲ. ಕೇಳಸ್ತದ ಅಂದಿದ್ರ ಬಾಯಿ ಮುಚ್ಚಿ ಬಿಡ್ತಿದ್ರಿ."

ನಾನು ಸಪ್ಪೆ ಚಹಾವನ್ನು ಪೂರ್ತಿ ಕುಡಿದೆ. ಕಪ್ ಕೆಳಗಿಟ್ಟು ಕೇಳಿದೆ. "ನೀನೂ ಏನೇನೋ ಅಂತಿದ್ದಿ. ಏನದು?"

"ನಿಮಗ ಕೇಳಸಂಗಿಲ್ಲ ಅಂತ ಗೊತ್ತಿತ್ತು. ಅದಕ್ಕ ನಾನೂ ಎಲ್ಲಾ ಹೇಳೀನಿ."

"ಎಲ್ಲಾ ಅಂದ್ರ?"

"ಅದು ನಿಮಗ್ಯಾಕ?" ಎಂದು ಅವಳು ನಿಲಯದ ಕಡೆ ನೋಡಿದಳು. ಅರ್ಧ ಗಂಟೆ ಮುಗಿಯಿತು.

ಆ ಸಂಜೆ ಕೂಟದಲ್ಲಿ ತಪ್ಪೊಪ್ಪಿಗೆ ಬರೆದೆ: 'ಆ ಕಡೆಯವರಿಗೆ ಕೇಳಿಸುತ್ತದೆ ಎಂದು ಈಗ ತಿಳಿದುಬಂದಿರುತ್ತದೆ.' ಅಶ್ವಜಿತ ತಕ್ಷಣ ಬರೆದರು. 'ಸರ್, ಇದನ್ನು ನಾನು ಒಂಬತ್ತು ಸಲ ಕೇಳಿದ್ದೆ. ಹಾಗಾದರೆ ನಿಮ್ಮ ಮೈಕು ಸರಿಯಿದೆ, ಸ್ಪೀಕರೂ ಸರಿಯಿರಬೇಕು. ಧ್ವನಿ ಎಲ್ಲಿಗೆ ಹೋಗುತ್ತಿದೆ ನೋಡಿ.' ಅವರು ಹೇಳಿದ ಪುಟ ತೆರೆದೆ. ಈ ಯಂತ್ರಕ್ಕೆ ತಂತಿಯಿಂದ ಒಂದು ಟಿವಿ ಜೋಡಿಸಿದ್ದಾರೆ ಎಂದು ನನ್ನ ಲಿನಕ್ಸು ಮೊದಲ ದಿನವೇ ನಂಬಿಬಿಟ್ಟಿತ್ತು. ಬಂದ ಧ್ವನಿಯನ್ನೆಲ್ಲ ನಿಷ್ಠೆಯಿಂದ ಆ ಟಿವಿಗೆ ಕಳಿಸುತ್ತಿತ್ತು. ನಮ್ಮ ಮನೆಯಲ್ಲಿ ಜೋಡಿಸಿದ ಟಿವಿಯೇ ಇಲ್ಲ. ಎರಡು ತಿಂಗಳು ನನ್ನ ಹೆಂಡತಿ ಮನಸ್ಸು ಬಿಚ್ಚಿ ಆಡಿದ ಮಾತುಗಳೆಲ್ಲ ಇಲ್ಲದ ಟಿವಿಗೆ ಹೋಗಿದ್ದವು.

ಅದನ್ನು ಬದಲಿಸಿ 'ಸ್ಪೀಕರು' ಎಂದು ಒತ್ತಿದೆ. ಟಿಣ್ ಎಂದಿತು. ಹಳೆಯ ಮಾತುಗಳನ್ನು ಅಲ್ಲಿಂದ ವಾಪಸು ತರಿಸಬಹುದೇ ಎಂದು ಅಶ್ವಜಿತರನ್ನು ಕೇಳಿದೆ. 'ಆಗುವುದಿಲ್ಲ ಸರ್' ಎಂದು ಬರೆದರು. 'ಪರಿಹಾರವಾಗಿದೆ' ಗುಂಡಿ ಒತ್ತಿದೆ.

ತಿಂಗಳೊಪ್ಪತ್ತಿನಲ್ಲಿ ಆದೇಶ ಬಂತು. ಪತಿ-ಪತ್ನಿ ಪ್ರಕರಣವನ್ನು ಸಹಾನುಭೂತಿಯಿಂದ ಪರಿಗಣಿಸಿ, ಸುಭದ್ರಾಬಾಯಿಯವರನ್ನು ಪತಿ ಕೆಲಸ ಮಾಡುವ ಸ್ಥಳಕ್ಕೆ ವರ್ಗಾಯಿಸಲಾಗಿತ್ತು. ಅಂದರೆ ಬೀದರಿನ ಕಚೇರಿಗಲ್ಲ, ಭಾಲ್ಕಿಗೆ. ಭಾಲ್ಕಿಯ ಬಾಲಕಿಯರ ವಸತಿ ನಿಲಯದ ವಾರ್ಡನ್ನಾಗಿ. ಗಂಡ ಹಗಲು ಎಲ್ಲಿರುತ್ತಾನೆ ಎಂಬುದನ್ನಷ್ಟೇ ಆ ಪ್ರಕರಣ ಕೇಳುತ್ತದೆ. ಅವನು ಸಂಜೆ ಯಾವ ಊರಿನಲ್ಲಿ ಬೀಗ ತೆಗೆಯುತ್ತಾನೆ ಎಂದು ಕೇಳುವುದಿಲ್ಲ. ಇದನ್ನು ನನಗಿಂತ ಚೆನ್ನಾಗಿ ಬಲ್ಲ ಗುಮಾಸ್ತ ಜಿಲ್ಲೆಯಲ್ಲೇ ಇಲ್ಲ.

"ಮುಬಾರಕ್ ಮಚ್ಛೇಂದ್ರ, ಇನ್ನ ನೀವಿಬ್ರೂ ಒಂದೇ ಊರಾಗ" ಎಂದು ಕಚೇರಿಯ ಬಾಬುಮಿಯಾ ಕೈ ಕುಲುಕಿದರು. ನಾನೂ ಕುಲುಕಿದೆ.

ಅವಳು ಹಾಜರಾದ ದಿನ ಟ್ರಂಕು ಹೊತ್ತುಕೊಂಡು ನಿಲಯದ ಗೇಟಿನ ತನಕ ಹೋದೆ. ಕಾವಲುಗಾರ ಉಸ್ಮಾನ ಮಿಯಾ ಟ್ರಂಕನ್ನು ಒಳಗೆ ಬಿಟ್ಟುಕೊಂಡರು, ನನ್ನನ್ನು ಹೊರಗೆ ನಿಲ್ಲಿಸಿದರು. "ರೈಲು ಟೈಂ ಆಗ್ಯಾದ ಸಾಬ್" ಎಂದು ನೆನಪಿಸಿದರು. ಸುಭದ್ರಾ ಗೇಟಿನ ಆಚೆ ನಿಂತಿದ್ದಳು. ನಡುವೆ ಮೂರು ಸರಳುಗಳು. ಹೇಳಬೇಕಾದ್ದು ಬಹಳ ಇತ್ತು. "ಹೂಂ. ಬರ್ತೇನಿ ಮತ್ತ" ಎಂದೆ.

ಅವಳು ನನ್ನನ್ನು ನೋಡಿದಳು, ಉಸ್ಮಾನ ಮಿಯಾರನ್ನು ನೋಡಿದಳು, ದನಿ ತಗ್ಗಿಸಿದಳು.

"ಇಲ್ಲಿ ನಿಂತ್ರ ನಿಮಗ ಬಾಯೇ ಬರಂಗಿಲ್ಲ. ಲಗು ಮನಿಗೆ ಹೋಗಿ ಲ್ಯಾಪ್‌ಟಾಪ್ ಹಚ್ರಿ. ಇಲ್ಲೂ ಕಂಪ್ಯೂಟರ್ ಅದ, ಕೇಳ್ಕೋತ ಕೂಡ್ತೇನಿ."

ನಾನು ಸ್ಟೇಷನ್ನಿಗೆ ಓಡಿದೆ.